ಕೊಟ್ಟ ಕೈ ಬೇಡುವಂತಾಗದಿರಲಿ



ಮಠಕ್ಕೆ ಬಂದ ಭಕ್ತರು ತಮ್ಮ ಮನೆಯ ಸುಖದುಃಖಗಳನ್ನು ಗುರುಗಳ ಮುಂದೆ ತೋಡಿಕೊಳ್ಳುವುದು ಹಿಂದಿನಿಂದ ನಡೆದುಬಂದ ರೂಢಿ. ಮಗಳ ಲಗ್ನ, ಮಗನ ನೌಕರಿ, ಅಣ್ಣತಮ್ಮಂದಿರ ವಾಟಣಿ, ಬಾರದ ಮಳೆ, ಕುಸಿದ ಪೇಟೆಯ ಧಾರಣಿ ಇವೆಲ್ಲ ನಮ್ಮ ಹಿರಿಯ ಗುರುಗಳ ಕಾಲದಲ್ಲಿಯೂ ಇದ್ದವು, ಈಗಲೂ ಇವೆ. ಆದರೆ ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಇನ್ನೊಂದು ಬಗೆಯ ಅಳಲು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತಿದೆ. ಎಪ್ಪತ್ತು ದಾಟಿದ ತಂದೆಯೋ ತಾಯಿಯೋ ಬರುತ್ತಾರೆ. ಕೈಚೀಲದಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದವಿರುತ್ತದೆ. ಅದು ಉಪನೋಂದಣಿ ಕಚೇರಿಯಲ್ಲಿ ಮಾಡಿಕೊಟ್ಟ ದಾನಪತ್ರ. ದುಡಿದು ಗಳಿಸಿದ ಮನೆಯನ್ನೋ ಹೊಲವನ್ನೋ ಮಗನಿಗೆ, ಮಗಳಿಗೆ, ಇಲ್ಲವೆ ಸಾಕಿದ ಅಣ್ಣನ ಮಗನಿಗೆ ಬರೆದುಕೊಟ್ಟಿರುತ್ತಾರೆ. ಬರೆದುಕೊಟ್ಟ ಮೇಲೆ ಅನ್ನದ ತಟ್ಟೆ ದೂರವಾಗಿರುತ್ತದೆ.

ಇದು ಕೇವಲ ನಮ್ಮ ಸುತ್ತಣ ಊರುಗಳ ಮಾತಲ್ಲ. ವಯೋವೃದ್ಧರನ್ನು ಸರಕಾರಿ ಆಸ್ಪತ್ರೆಗಳಲ್ಲಿ ಸೇರಿಸಿ ಹಿಂದಿರುಗಿ ನೋಡದೆ ಹೋಗುವ ಮಕ್ಕಳ ವಿಷಯವು 2025ರ ಆರಂಭದಲ್ಲಿ ನಮ್ಮ ರಾಜ್ಯದ ಮಂತ್ರಿಗಳ ಮಟ್ಟದಲ್ಲಿಯೇ ಚರ್ಚೆಗೆ ಬಂದಿತು. ಅಂತಹ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ರದ್ದುಪಡಿಸಬಹುದೆಂಬ ಕಾನೂನಿನ ಮಾತನ್ನು ಸರಕಾರವು ಆಗ ಜನರಿಗೆ ಮತ್ತೆ ನೆನಪಿಸಬೇಕಾಯಿತು. ಕಾನೂನು ಇದ್ದುದು 2007ರಿಂದ. ಅದನ್ನು ತಿಳಿಯಬೇಕಾದವರು ಇಂದಿಗೂ ತಿಳಿಯದೆ ಉಳಿದಿದ್ದಾರೆ. ಆದ್ದರಿಂದ ಈ ತಿಂಗಳು ಅನುಭಾವದ ಮಾತನ್ನು ತುಸು ಬದಿಗಿಟ್ಟು ಕಾಗದಪತ್ರದ ಮಾತನ್ನು ನಿಮ್ಮ ಮುಂದೆ ಇಡಲು ಮನಸ್ಸು ಮಾಡಿದ್ದೇವೆ.

ಕೊಟ್ಟದ್ದನ್ನು ಮರಳಿ ಕೇಳುವುದು ಧರ್ಮವೇ ಎಂದು ಹಲವು ಹಿರಿಯರು ನಮ್ಮನ್ನು ಕೇಳಿದ್ದುಂಟು. ದಾನ ಕೊಟ್ಟು ಹಿಂದೆಗೆದರೆ ಪಾಪವೆಂಬ ಭಯ ಅವರಿಗೆ. ಈ ಭಯವನ್ನು ಮೊದಲು ನಿವಾರಿಸುವುದು ಅವಶ್ಯ. ನಾವು ಪಾಠಶಾಲೆಯಲ್ಲಿ ಓದಿದ ವ್ಯವಹಾರಶಾಸ್ತ್ರದಲ್ಲಿ ದಾನವನ್ನು ಕುರಿತ ವ್ಯಾಜ್ಯಕ್ಕೆ ಪ್ರತ್ಯೇಕವಾದ ಸ್ಥಾನವೇ ಇದೆ. ಹದಿನೆಂಟು ವ್ಯವಹಾರಪದಗಳಲ್ಲಿ ಅದೂ ಒಂದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಈ ಕನ್ನಡ ನೆಲದಲ್ಲಿಯೇ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಇಂಡಿಯಾದ ನ್ಯಾಯಾಲಯಗಳು ಹಿಂದೂ ಕುಟುಂಬದ ಆಸ್ತಿಯ ವಿಷಯದಲ್ಲಿ ಶತಮಾನಗಳ ಕಾಲ ಆಧಾರವಾಗಿ ಹಿಡಿದ ಗ್ರಂಥವದು. ಕುಟುಂಬದ ಪೋಷಣೆಗೆ ಅಡ್ಡಿಯಾಗದಂತೆ ಮಾತ್ರ ದಾನ ಕೊಡಬೇಕೆಂಬುದು ಅಲ್ಲಿಯ ಮೊದಲನೆಯ ಕಟ್ಟಳೆ. ಕೊಟ್ಟರೂ ಕೊಟ್ಟಂತಾಗದ ಹದಿನಾರು ಬಗೆಯ ದಾನಗಳನ್ನು ನಾರದ ಸ್ಮೃತಿಯು ಎಣಿಸುತ್ತದೆ; ವಿಜ್ಞಾನೇಶ್ವರನೂ ಅದನ್ನು ಎತ್ತಿಕೊಂಡಿದ್ದಾನೆ. ಭಯದಿಂದ ಕೊಟ್ಟದ್ದು, ಶೋಕದಲ್ಲಿ ಕೊಟ್ಟದ್ದು, ರೋಗಪೀಡಿತನಾಗಿ ಕೊಟ್ಟದ್ದು, ಮೋಸಕ್ಕೆ ಸಿಕ್ಕಿ ಕೊಟ್ಟದ್ದು ಅವುಗಳಲ್ಲಿ ಸೇರಿವೆ. ಈತನು ನನಗೆ ಇಂತಹ ಕೆಲಸ ಮಾಡಿಕೊಡುವನೆಂಬ ನಿರೀಕ್ಷೆಯಿಂದ ಕೊಟ್ಟದ್ದೂ ಅದೇ ಪಟ್ಟಿಯಲ್ಲಿದೆ. ಮುಪ್ಪಿನಲ್ಲಿ ನೋಡಿಕೊಳ್ಳುವನೆಂದು ನಂಬಿ ಮನೆ ಬರೆದುಕೊಟ್ಟ ತಾಯಿಯ ದಾನವು ಈ ಜಾತಿಯದಲ್ಲವೆ? ಅನ್ನ ಹಾಕದವನಿಂದ ಮನೆಯನ್ನು ಮರಳಿ ಕೇಳಿದರೆ ಆಕೆ ಧರ್ಮವನ್ನು ಮೀರಿದಂತಾಗುವುದಿಲ್ಲ. ಧರ್ಮವನ್ನು ಮೀರಿದವನು ಅವನು.

ಇನ್ನು ಇಂದಿನ ಕಾನೂನಿನ ಕಡೆಗೆ ಬರೋಣ. ಸ್ಥಿರಾಸ್ತಿಯ ದಾನವು 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಒಳಪಟ್ಟಿದೆ. ಪ್ರತಿಫಲವಿಲ್ಲದೆ, ಸ್ವಇಚ್ಛೆಯಿಂದ ಕೊಟ್ಟು, ಪಡೆಯುವವನು ಸ್ವೀಕರಿಸಿದರೆ ಅದು ದಾನ. ಪತ್ರಕ್ಕೆ ಇಬ್ಬರು ಸಾಕ್ಷಿಗಳಿರಬೇಕು, ನೋಂದಣಿಯಾಗಬೇಕು. ಒಮ್ಮೆ ಇದು ಮುಗಿದರೆ ಮನಸ್ಸು ಬದಲಾಯಿತೆಂದು ದಾನವನ್ನು ಹಿಂದೆಗೆಯುವಂತಿಲ್ಲ. ಆ ಕಾಯ್ದೆಯ 126ನೆಯ ಕಲಮು ಎರಡೇ ದಾರಿಗಳನ್ನು ತೆರೆದಿಟ್ಟಿದೆ. ಕೊಟ್ಟವನ ಇಚ್ಛೆಯನ್ನು ಅವಲಂಬಿಸದ ಯಾವುದಾದರೊಂದು ಸಂಗತಿ ನಡೆದರೆ ದಾನ ರದ್ದಾಗಬೇಕೆಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಇಲ್ಲವೆ ವಂಚನೆ, ಬಲಾತ್ಕಾರ, ಅನುಚಿತ ಪ್ರಭಾವ ಮೊದಲಾದ ಕಾರಣಗಳಿಂದ ದಾನವಾಯಿತೆಂದು ಸಿದ್ಧವಾಗಬೇಕು. ನನಗೆ ಬೇಕೆನಿಸಿದಾಗ ಮರಳಿ ಪಡೆಯುವೆನೆಂದು ಬರೆದುಕೊಂಡರೆ ಅಂತಹ ದಾನಕ್ಕೆ ಬೆಲೆಯೇ ಇಲ್ಲ. ಎಪ್ಪತ್ತೈದರ ಮುದುಕಿಯು ಸ್ವಂತ ಮಗನು ವಂಚಿಸಿದನೆಂದು ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಿಂತು ರುಜುವಾತು ಮಾಡುವುದು ಎಷ್ಟು ಕಷ್ಟವೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಷ್ಟವನ್ನು ಅರಿತೇ ಸಂಸತ್ತು 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯ್ದೆಯನ್ನು ಮಾಡಿತು. ಅರವತ್ತು ತುಂಬಿದ ಪ್ರತಿಯೊಬ್ಬ ಪ್ರಜೆಯೂ ಇದರ ದೃಷ್ಟಿಯಲ್ಲಿ ಹಿರಿಯ ನಾಗರಿಕ. ತಂದೆತಾಯಿಗಳಾದರೆ ಅರವತ್ತು ತುಂಬದಿದ್ದರೂ ಪೋಷಣೆಯನ್ನು ಕೇಳಬಹುದು. ದತ್ತು ತಂದೆತಾಯಿ, ಮಲತಂದೆ, ಮಲತಾಯಿಯರೂ ಅದರಲ್ಲಿ ಸೇರುತ್ತಾರೆ. ಮಕ್ಕಳಿಲ್ಲದವರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಇಲ್ಲವೆ ಮುಂದೆ ವಾರಸುದಾರರಾಗುವ ಸಂಬಂಧಿಗಳಿಂದ ಪೋಷಣೆಯನ್ನು ಕೇಳಬಹುದು. ಈ ಕಾಯ್ದೆಯ 23ನೆಯ ಕಲಮನ್ನು ಪ್ರತಿಯೊಬ್ಬ ಹಿರಿಯರೂ ತಿಳಿದಿರಬೇಕು. ಕಾಯ್ದೆ ಜಾರಿಗೆ ಬಂದ ಮೇಲೆ ಹಿರಿಯ ನಾಗರಿಕರು ದಾನವಾಗಿಯೋ ಬೇರೆ ರೀತಿಯಿಂದಲೋ ಆಸ್ತಿಯನ್ನು ವರ್ಗಾಯಿಸಿ, ಪಡೆದವನು ತಮಗೆ ಮೂಲಭೂತ ಸೌಕರ್ಯಗಳನ್ನೂ ದೈಹಿಕ ಅಗತ್ಯಗಳನ್ನೂ ಒದಗಿಸಬೇಕೆಂಬ ಷರತ್ತನ್ನು ಹಾಕಿದ್ದು, ಅವನು ಅದನ್ನು ನಡೆಸದೆ ಹೋದರೆ, ಆ ವರ್ಗಾವಣೆಯು ವಂಚನೆಯಿಂದ, ಬಲಾತ್ಕಾರದಿಂದ ಅಥವಾ ಅನುಚಿತ ಪ್ರಭಾವದಿಂದ ಆದದ್ದೆಂದೇ ಕಾನೂನು ಭಾವಿಸುತ್ತದೆ. ಕೊಟ್ಟವರು ಬಯಸಿದರೆ ನ್ಯಾಯಮಂಡಳಿಯು ಅದನ್ನು ಶೂನ್ಯವೆಂದು ಸಾರಬಹುದು. ವಂಚನೆಯನ್ನು ರುಜುವಾತು ಮಾಡುವ ಭಾರವು ಮುದುಕಿಯ ಹೆಗಲಿನಿಂದ ಇಳಿಯಿತೆಂಬುದೇ ಇದರ ಸಾರ. ಪಡೆದವನು ಮಗನೇ ಆಗಿರಬೇಕೆಂದಿಲ್ಲ. ಯಾರೇ ಆಗಿರಬಹುದು.

ಆದರೆ ಷರತ್ತು ಎಂಬ ಒಂದು ಮಾತಿನ ಮೇಲೆ ಎಲ್ಲವೂ ನಿಂತಿದೆ. ನಮ್ಮ ಕಡೆಯ ದಾನಪತ್ರಗಳನ್ನು ಓದಿ ನೋಡಿರಿ. ಪ್ರೀತಿ ವಿಶ್ವಾಸಗಳ ಮೂಲಕ ದಾನ ಕೊಟ್ಟಿರುತ್ತೇನೆ, ಇಂದಿನಿಂದ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಉಳಿದಿರುವುದಿಲ್ಲ ಎಂಬ ಹಳೆಯ ಪಾಠವನ್ನೇ ಬರೆದಿರುತ್ತಾರೆ. ಷರತ್ತಿನ ಮಾತೇ ಇರುವುದಿಲ್ಲ. 2022ರ ಡಿಸೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ ತಾಯಿಯೊಬ್ಬಳು ಹೆಣ್ಣುಮಕ್ಕಳಿಗೆ ಹಕ್ಕು ಬಿಟ್ಟುಕೊಟ್ಟಿದ್ದಳು. ಪ್ರೀತಿಯಿಂದ ಕೊಟ್ಟದ್ದರಲ್ಲಿ ಪೋಷಣೆಯ ಷರತ್ತು ತಾನಾಗಿಯೇ ಅಡಗಿದೆಯೆಂದು ತಿಳಿಯಲಾಗದು, ಅದು ಇತ್ತೆಂಬುದನ್ನು ನ್ಯಾಯಮಂಡಳಿಯ ಮುಂದೆ ತೋರಿಸಬೇಕು ಎಂದು ನ್ಯಾಯಾಲಯವು ಹೇಳಿ ಆ ಪತ್ರವನ್ನು ಊರ್ಜಿತಗೊಳಿಸಿತು. 2025ರ ಜನವರಿ 2ರಂದು ಅದೇ ನ್ಯಾಯಾಲಯವು ಮಧ್ಯಪ್ರದೇಶದ ತಾಯಿಯೊಬ್ಬಳ ಪ್ರಕರಣದಲ್ಲಿ ದಾನವನ್ನು ರದ್ದುಪಡಿಸಿ ಆಸ್ತಿಯ ಸ್ವಾಧೀನವನ್ನು ಆಕೆಗೆ ಮರಳಿಸಿತು. ಈ ಕಾಯ್ದೆಯು ವೃದ್ಧರ ಹಿತಕ್ಕಾಗಿ ಹುಟ್ಟಿದ್ದು, ಅದನ್ನು ಉದಾರವಾಗಿ ಅರ್ಥೈಸಬೇಕೆಂದೂ, ನ್ಯಾಯಮಂಡಳಿಗೆ ಸ್ವಾಧೀನವನ್ನು ಕೊಡಿಸುವ ಅಧಿಕಾರವಿದೆಯೆಂದೂ ಹೇಳಿತು. ಆ ತಾಯಿಯ ಕೈಯಲ್ಲಿ ಇದ್ದುದೇನು? ಕೊನೆಯವರೆಗೂ ನೋಡಿಕೊಳ್ಳುವೆನೆಂದು ಮಗನು ಬರೆದುಕೊಟ್ಟ ವಚನಪತ್ರವಿತ್ತು. ಎರಡು ತೀರ್ಪುಗಳನ್ನೂ ಒಟ್ಟಿಗೆ ಇಟ್ಟು ಓದಿದರೆ ನಮಗೆ ಸಿಗುವ ಪಾಠ ಒಂದೇ: ಬಾಯಿಮಾತನ್ನು ನೆಚ್ಚಬೇಡಿರಿ, ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿರಿ.

ಏನೆಂದು ಬರೆಯಿಸಬೇಕು? ದಾನ ಪಡೆದವರು ಕೊಟ್ಟವರಿಗೆ ಅವರ ಜೀವಿತಕಾಲ ಪರ್ಯಂತ ಅನ್ನ, ವಸ್ತ್ರ, ಅದೇ ಮನೆಯಲ್ಲಿ ವಸತಿ, ಔಷಧೋಪಚಾರಗಳನ್ನು ಒದಗಿಸತಕ್ಕದ್ದು. ಇದರಲ್ಲಿ ತಪ್ಪಿದರೆ ಈ ದಾನವು ರದ್ದಾಗತಕ್ಕದ್ದು ಎಂದು ತಿಳಿಗನ್ನಡದಲ್ಲಿ ಇದ್ದರೆ ಸಾಕು. ಪತ್ರ ಬರೆಯುವವರು ಇದು ಪದ್ಧತಿಯಲ್ಲಿಲ್ಲವೆಂದು ಹೇಳಬಹುದು. ಪದ್ಧತಿಯಲ್ಲಿಲ್ಲದಿದ್ದರೂ ಕಾನೂನಿನಲ್ಲಿದೆಯೆಂದು ನೀವು ಹೇಳಿರಿ. ಸಹಿ ಮಾಡುವ ಮೊದಲು ಪತ್ರವನ್ನು ಪೂರ್ತಿ ಓದಿಸಿ ಕೇಳಿರಿ. ಅದನ್ನು ಓದುವವನು ಆಸ್ತಿ ಪಡೆಯುವವನೇ ಆಗಿರಬಾರದು.

ನಮಗೆ ಚೆನ್ನಾಗಿ ಗೊತ್ತಿರುವ ಒಬ್ಬ ತಾಯಿಯ ಮಾತನ್ನು ಇಲ್ಲಿ ಹೇಳಬೇಕು. ಹೆಸರು, ಊರು ಬೇಡ. ಗಂಡ ತೀರಿಕೊಂಡ ಎರಡನೆಯ ವರ್ಷಕ್ಕೆ ಆಕೆ ನಾಲ್ಕು ಎಕರೆ ಹೊಲವನ್ನೂ ಇದ್ದ ಮನೆಯನ್ನೂ ಕಿರಿಯ ಮಗನಿಗೆ ದಾನಪತ್ರ ಮಾಡಿಕೊಟ್ಟಳು. ಹೊಲವು ಲಾವಣಿಗೆ ಹೋಯಿತು, ಮಗನು ಸಂಸಾರ ಸಮೇತ ಪಟ್ಟಣಕ್ಕೆ ಹೋದನು, ಮನೆಗೆ ಕೀಲಿ ಬಿತ್ತು. ತಾಯಿ ಮಗಳ ಮನೆಯಲ್ಲಿ, ಅಳಿಯನ ಮುಖ ನೋಡುತ್ತ ಉಣ್ಣುವಂತಾಯಿತು. ನಾವು ಮಗನನ್ನು ಕರೆಯಿಸಿ ಬುದ್ಧಿ ಹೇಳಿದೆವು. ಪಾದ ಮುಟ್ಟಿ ಒಪ್ಪಿಕೊಂಡನು, ಎರಡು ತಿಂಗಳು ಹಣ ಕಳಿಸಿದನು, ಆಮೇಲೆ ನಿಲ್ಲಿಸಿದನು. ನಮ್ಮ ಉಚಿತ ಪ್ರಸಾದ ನಿಲಯದಲ್ಲಿ ಓದಿ ಈಗ ವಕೀಲರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರವನ್ನು ನೋಡಿ, ಇದರಲ್ಲಿ ಷರತ್ತಿಲ್ಲ, ದಾನ ರದ್ದಾಗುವ ಭರವಸೆ ಕೊಡಲಾರೆ, ಆದರೆ ಪೋಷಣೆಯನ್ನು ಕೇಳುವ ಹಕ್ಕಿಗೆ ಷರತ್ತೇ ಬೇಕಿಲ್ಲ, ಅರ್ಜಿ ಕೊಡೋಣ ಎಂದರು. ತಾಯಿಗೆ ಮನಸ್ಸಾಗಲೊಲ್ಲದು. "ಅಜ್ಜಾರ, ಹೊಟ್ಟ್ಯಾಗ ಹುಟ್ಟಿದವನ ಮ್ಯಾಲ ಅರ್ಜಿ ಕೊಟ್ರ ಊರ ಮಂದಿ ಏನಂದಾರ್ರೀ?" ಎಂದಳು. "ಯವ್ವಾ, ಊರ ಮಂದಿ ನಿನಗ ರೊಟ್ಟಿ ಕೊಡಾಕತ್ತಾರೇನು?" ಎಂದು ಕೇಳಿದೆವು. ಸುಮ್ಮನೆ ಕುಳಿತಳು. ಅರ್ಜಿಗೆ ಹೆಬ್ಬೆಟ್ಟು ಒತ್ತಲು ಆಕೆಗೆ ಮತ್ತೆ ಮೂರು ತಿಂಗಳು ಹಿಡಿಯಿತು.

ನ್ಯಾಯಮಂಡಳಿ ಎಂದೊಡನೆ ಕರಿ ಕೋಟು, ಕಟಕಟೆಗಳನ್ನು ಕಲ್ಪಿಸಿಕೊಂಡು ಹೆದರಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರೇ ಇದರ ಅಧ್ಯಕ್ಷರು. ಹಿರಿಯರು ತಾವೇ ಅರ್ಜಿ ಕೊಡಬಹುದು. ಅಶಕ್ತರಾಗಿದ್ದರೆ ಅವರು ಅಧಿಕಾರ ಕೊಟ್ಟ ಬೇರೊಬ್ಬರು ಇಲ್ಲವೆ ಸಂಸ್ಥೆಯವರು ಕೊಡಬಹುದು. ನ್ಯಾಯಮಂಡಳಿಯೇ ತಾನಾಗಿ ಕೈಗೆತ್ತಿಕೊಳ್ಳಲೂಬಹುದು. ಪೋಷಣೆಯ ಅರ್ಜಿಯನ್ನು 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಪ್ರತ್ಯಕ್ಷದಲ್ಲಿ ಹೆಚ್ಚು ಕಾಲ ಹಿಡಿಯುವುದೂ ಉಂಟು. ತಿಂಗಳಿಗೆ 10,000 ರೂಪಾಯಿಗಳನ್ನು ಮೀರದ ಮೊತ್ತವನ್ನು ಗೊತ್ತುಪಡಿಸಲು 2007ರ ಕಾಯ್ದೆಯು ಅವಕಾಶ ಕೊಟ್ಟಿದೆ. ತೀರ್ಪು ಸಮಾಧಾನ ತರದಿದ್ದರೆ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳ ಮುಂದೆ ಮೇಲ್ಮನವಿ ಸಲ್ಲಿಸಬಹುದು. ರಕ್ಷಣೆಯ ಹೊಣೆಯಿದ್ದವರು ಹಿರಿಯರನ್ನು ಎಲ್ಲಿಯಾದರೂ ಬಿಟ್ಟುಬಿಡುವ ಉದ್ದೇಶದಿಂದ ತೊರೆದರೆ ಮೂರು ತಿಂಗಳವರೆಗೆ ಸೆರೆಮನೆ ವಾಸ ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14567 ಎಂಬ ಹಿರಿಯರ ಸಹಾಯವಾಣಿಗೆ ದೂರವಾಣಿ ಮಾಡಬಹುದು, ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಕೇಳಬಹುದು.

ಆ ತಾಯಿಯ ಅರ್ಜಿಯನ್ನು ವಿಚಾರಣೆಗೆ ಮೊದಲು ಸಂಧಾನಾಧಿಕಾರಿಗೆ ಒಪ್ಪಿಸಲಾಯಿತು. ಸರಕಾರಿ ನೋಟೀಸು ಕೈಗೆ ಬಂದ ಮೇಲೆ ಮಗನಿಗೆ ನಮ್ಮ ಮಾತಿಗಿಂತ ಹೆಚ್ಚು ಅರ್ಥವಾಯಿತೆಂದು ತೋರುತ್ತದೆ. ನಿನಗೆ ಏನು ಬೇಕೆಂದು ಅಧಿಕಾರಿಗಳು ಕೇಳಿದಾಗ ಆಕೆ, "ಹೊಲ ಅವಗ ಇರಲಿರೀ. ನನ್ನ ಮನಿ ಕೀಲಿ ಕೊಡಸ್ರಿ, ನನ್ನ ಒಲಿ ಮುಂದ ನಾ ಕುಂಡ್ರತೀನಿ" ಎಂದಳಂತೆ. ಮನೆಯಲ್ಲಿ ಸಾಯುವ ತನಕ ವಾಸ, ತಿಂಗಳಿಗೊಂದು ಗೊತ್ತಾದ ಹಣ, ಇವೆರಡೂ ಲಿಖಿತ ಆದೇಶವಾದವು. ಹೊಲವು ಮಗನ ಹೆಸರಿನಲ್ಲಿಯೇ ಉಳಿಯಿತು. ತಾಯಿ ಮಗನ ನಡುವೆ ಮೊದಲಿನ ಮಾತುಕತೆ ಬಂದಿಲ್ಲ, ಬರುವುದೋ ಇಲ್ಲವೋ. ಕಾನೂನು ರೊಟ್ಟಿಯನ್ನು ಕೊಡಿಸಬಲ್ಲುದು, ಅಂತಃಕರಣವನ್ನು ಕೊಡಿಸಲಾರದು. ಆದರೆ ಹಸಿದವರಿಗೆ ಮೊದಲು ರೊಟ್ಟಿ ಬೇಕೆಂಬುದನ್ನು ದಾಸೋಹದ ಮನೆಯಲ್ಲಿ ಬೆಳೆದ ನಾವು ಬಲ್ಲೆವು.

ದಾನಪತ್ರವೊಂದೇ ದಾರಿಯೆಂದು ತಿಳಿಯುವುದೂ ತಪ್ಪು. ನಮ್ಮ ತರುವಾಯ ಮಕ್ಕಳಿಗೆ ಸೇರಲಿ ಎಂಬುದಷ್ಟೇ ನಿಮ್ಮ ಇಚ್ಛೆಯಾಗಿದ್ದರೆ ಮೃತ್ಯುಪತ್ರವೇ ಮೇಲು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬುದ್ಧಿ ಸ್ವಾಧೀನದಲ್ಲಿರುವ ತನಕ ಅದನ್ನು ಎಷ್ಟು ಸಲವಾದರೂ ಬದಲಿಸಬಹುದು, ಬದುಕಿರುವ ತನಕ ಆಸ್ತಿ ನಿಮ್ಮದೇ. ದಾನವನ್ನೇ ಕೊಡಬೇಕೆಂದಿದ್ದರೆ, ಜೀವಮಾನಪರ್ಯಂತ ವಾಸದ ಹಕ್ಕನ್ನೂ ಬಾಡಿಗೆ ಉತ್ಪನ್ನಗಳನ್ನೂ ತಮ್ಮಲ್ಲಿಯೇ ಉಳಿಸಿಕೊಂಡು ಕೊಡಬಹುದು. ಸ್ವಾಧೀನವನ್ನು ಬಿಟ್ಟುಕೊಡದಿದ್ದರೂ ನೋಂದಣಿಯಾದ ದಾನಪತ್ರ ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿದೆ. ಗಂಡ ತೀರಿದ ತಿಂಗಳೊಳಗೆ ತಾಯಂದಿರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ರೂಢಿಯಂತೂ ನಿಲ್ಲಬೇಕು. ದುಃಖದ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಮಾಡಬೇಡಿರಿ, ಒಂದು ವರ್ಷ ಕಾಯಿರಿ. ನಿಮ್ಮನ್ನು ನಿಜವಾಗಿ ಪ್ರೀತಿಸುವವರು ಕಾಯುತ್ತಾರೆ.

ಈ ಕಾಯ್ದೆಯ ದುರುಪಯೋಗವೂ ಆಗಬಾರದು. ಬೆಂಗಳೂರಿನ ಪ್ರಕರಣವೊಂದರಲ್ಲಿ ಅತ್ತೆಮಾವಂದಿರು ಇದೇ ಕಾಯ್ದೆಯನ್ನು ಹಿಡಿದು ಸೊಸೆಯನ್ನು ಮನೆಯಿಂದ ಹೊರಹಾಕಿಸಲು ಯತ್ನಿಸಿದರು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯು ಹೆಣ್ಣಿಗೆ ಕೊಟ್ಟ ವಸತಿಯ ಹಕ್ಕನ್ನು ಇದರಿಂದ ಅಳಿಸಲಾಗದು, ಎರಡು ಕಾನೂನುಗಳನ್ನೂ ಹೊಂದಿಸಿ ನಡೆಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರದಲ್ಲಿ ನಿರ್ಣಯಿಸಿತು. ಮಗನ ಮೇಲಿನ ಸಿಟ್ಟನ್ನು ಸೊಸೆಯ ಮೇಲೆ ತೀರಿಸಿಕೊಳ್ಳುವ ಹಿರಿಯರು ಇದನ್ನು ನೆನಪಿಡಬೇಕು.

ಕೊನೆಯದಾಗಿ ನಮ್ಮ ಮನೆಯ ಮಾತು. ಮಕ್ಕಳಿಲ್ಲದ ಭಕ್ತರು, ಮಕ್ಕಳಿಂದ ನೊಂದ ಭಕ್ತರು, ತಮ್ಮ ಮನೆ ಹೊಲಗಳನ್ನು ಮಠಕ್ಕೆ ಬರೆದುಕೊಡುವೆವೆಂದು ಬರುತ್ತಾರೆ. ಭಕ್ತರ ದಾನದಿಂದಲೇ ಮಠಗಳು ಪಾಠಶಾಲೆಗಳನ್ನೂ ಪ್ರಸಾದ ನಿಲಯಗಳನ್ನೂ ನಡೆಸಿಕೊಂಡು ಬಂದಿವೆ; ಆ ಋಣವನ್ನು ಮರೆಯಲಾಗದು. ಆದರೂ ಮಗನಿಗೆ ಹೇಳುವ ನೀತಿಯು ಮಠಕ್ಕೆ ಅನ್ವಯಿಸದೆ ಇರಲಾರದು. 23ನೆಯ ಕಲಮಿಗೆ ಪಡೆದವನು ಮಗನೋ ಮಠವೋ ಎಂಬ ಭೇದವಿಲ್ಲ. ಆದ್ದರಿಂದ ನಾವು ಹಾಗೆ ಬಂದವರಿಗೆ ಹೇಳುವ ಮಾತು ಇಷ್ಟೇ: ಬದುಕಿರುವ ತನಕ ಮನೆಯು ನಿಮ್ಮ ಹೆಸರಿನಲ್ಲಿಯೇ ಇರಲಿ, ಕೊಡಲೇಬೇಕೆಂದಿದ್ದರೆ ಮೃತ್ಯುಪತ್ರ ಬರೆಯಿರಿ, ನಾಳೆ ಮನಸ್ಸು ಬದಲಾದರೆ ಸಂಕೋಚವಿಲ್ಲದೆ ಅದನ್ನು ಹರಿದು ಹಾಕಿರಿ. ಒಂದಿಬ್ಬರು ಇದರಿಂದ ಬೇಸರಗೊಂಡರು, ಮಠಕ್ಕೆ ಬರುವ ಆಸ್ತಿಯನ್ನು ಸ್ವಾಮಿಗಳೇ ತಡೆಯುತ್ತಾರೆಂದು ಕಾರ್ಯಕರ್ತರಲ್ಲಿಯೂ ಮಾತು ಬಂದಿತು. ಮಠದ ಆಸ್ತಿಯು ಬೆಳೆದು, ಅದನ್ನು ಕೊಟ್ಟ ಮುದುಕನು ಪ್ರಸಾದದ ಪಂಕ್ತಿಯಲ್ಲಿ ದಿಕ್ಕಿಲ್ಲದವನಾಗಿ ಕುಳಿತರೆ ಅದು ದಾಸೋಹವೆನಿಸಲಾರದೆಂದು ಅವರಿಗೆ ತಿಳಿಯಹೇಳಿದೆವು.

ನಮ್ಮ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ಊರೂರುಗಳಲ್ಲಿ, ದೂರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಕಷ್ಟಗಳನ್ನೂ ನಾವು ಬಲ್ಲೆವು. ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಫೀ, ಎರಡು ಕೋಣೆಯ ಬಾಡಿಗೆ ಮನೆ, ಎಲ್ಲವೂ ನಿಜ. ತಂದೆತಾಯಿಗಳನ್ನು ಜೊತೆಗೆ ಇಟ್ಟುಕೊಳ್ಳಲಾಗದವರೆಲ್ಲ ಕೃತಘ್ನರೆಂದು ನಾವು ಹೇಳುವುದಿಲ್ಲ. ಒಂದು ಕೆಲಸವನ್ನು ಮಾತ್ರ ಮಾಡಿರಿ. ತಂದೆತಾಯಿಗಳು ತಾವಾಗಿಯೇ ಬರೆದುಕೊಡಲು ಬಂದರೂ, ನಿಮ್ಮನ್ನು ನೋಡಿಕೊಳ್ಳುವ ಷರತ್ತನ್ನು ಮೊದಲು ಬರೆಯಿಸಿರಿ ಎಂದು ನೀವೇ ಹೇಳಿರಿ. ಆ ಮಾತು ಮಗನ ಬಾಯಿಂದ ಬಂದರೆ ತಾಯಿಗೆ ಅದನ್ನು ಕೇಳುವ ಸಂಕೋಚ ಉಳಿಯುವುದಿಲ್ಲ. ನಡೆಸುವ ಮನಸ್ಸಿದ್ದವನಿಗೆ ಷರತ್ತು ಭಾರವೂ ಅಲ್ಲ.

ಹಿರಿಯರೇ, ನಿಮ್ಮಲ್ಲಿ ಪತ್ರಗಳಿದ್ದರೆ ಈ ವಾರವೇ ತೆಗೆದು ತಿಳಿದವರಿಂದ ಓದಿಸಿರಿ. ಇನ್ನೂ ಬರೆದುಕೊಡದವರು ಅವಸರಿಸಬೇಡಿರಿ. ನಿಮ್ಮ ಮುಪ್ಪು ನಿಮ್ಮ ಮನೆಯ ನೆರಳಿನಲ್ಲಿ, ನಿಮ್ಮವರ ನಡುವೆ, ಯಾರ ಹಂಗೂ ಇಲ್ಲದೆ ಸಾಗಲಿ ಎಂದು ಹಾರೈಸುತ್ತೇವೆ. ಎಲ್ಲರಿಗೂ ಶುಭವಾಗಲಿ.